ಹುಳಕ್ಕೆ ಜ್ವರ, ರಜೆ ಬೇಕು ಮೇಡಂ

ಮ್ಯಾಗಜಿನ್‌ಗೆ ಏನಾದ್ರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ನನ್ನದೇ ಒಂದು ರಜಾ ಅರ್ಜಿ. ಬಿ.ಎಸ್ಸಿ. ಎರಡನೇ ವರ್ಷ. ಮೂರು ದಿನ ಕ್ಲಾಸಿಗೆ ಹೋಗಿರಲಿಲ್ಲ. ಕಾರಣ ಎಂದು ಬರೆದಿದ್ದೆ: ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿವೆ. ರೇಷ್ಮೆಹುಳು ಸಾಕುವ ನಮ್ಮ ಶಿಡ್ಲಘಟ್ಟದ ಕಡೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಕೆಮಿಸ್ಟ್ರಿ ಮೇಡಂ ಕರಾವಳಿಯವರು, ಈ ಕಡೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅರ್ಜಿಯನ್ನು ಎರಡು ಸಲ ಓದಿದರು. "ಹುಳಕ್ಕೆ ಜ್ವರವಾ? ಎಷ್ಟು ಡಿಗ್ರಿ ಇತ್ತು ಮಾರಾಯ?" ಕ್ಲಾಸು ನಕ್ಕಿತು. ಹುಳು ಸಾಕುವವರ ಮಕ್ಕಳೂ ನಕ್ಕರು, ನನಗೆ ಜಾಸ್ತಿ ಬೇಜಾರಾದದ್ದು ಅದಕ್ಕೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆಹುಳು ಮೊಟ್ಟೆಯಿಂದ ಬಂದು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಸುಮ್ನೆ ಕೂತುಬಿಡುತ್ತದೆ. ನಮ್ಮವರು ಅದಕ್ಕೆ ಜ್ವರ ಅನ್ನುತ್ತಾರೆ, ಚರ್ಮ ಕಳಚಿ ಮತ್ತೆ ಸೊಪ್ಪಿಗೆ ಬಂದರೆ ಜ್ವರ ಎದ್ದವು ಅನ್ನುತ್ತಾರೆ. "ಜ್ವರಕ್ಕೆ ಕೂತವೆ, ಮುಟ್ಬೇಡ್ರೋ" ಎಂದು ಅಜ್ಜಿ ನಮ್ಮನ್ನು ಹುಳುಮನೆಯಿಂದ ಓಡಿಸುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಅವುಗಳ ಹಸಿವು ನೋಡಬೇಕು, ಮನೆಯವರೆಲ್ಲ ಹೊತ್ತು ಗೊತ್ತಿಲ್ಲದೆ ಹಿಪ್ಪುನೇರಳೆ ತೋಟಕ್ಕೂ ತಟ್ಟೆಗೂ ಓಡಾಡಬೇಕು, ಅಂಥದ್ದರಲ್ಲಿ ಯಾವ ಕ್ಲಾಸು.

ಮುಂದಿನ ವಾರ ಲಿಪಿಡ್ ಪಾಠ ಶುರುವಾಯಿತು. ಲಿಪಿಡ್ ಅಂದರೆ ನಮ್ಮ ತಲೆಯಲ್ಲಿದ್ದದ್ದು ಎಣ್ಣೆ, ತುಪ್ಪ, ಗ್ರಾಮಿಗೆ 9 ಕ್ಯಾಲೊರಿ. ಪರೀಕ್ಷೆಗೆ ಅಷ್ಟು ಸಾಕು. ಜೀವಕೋಶದ ಪೊರೆಯನ್ನು ಮೇಡಂ ಹತ್ತೇ ನಿಮಿಷದಲ್ಲಿ ಮುಗಿಸಿದರು: ನೀರು ಬೇಕೆನ್ನುವ ತಲೆ ಹೊರಗೆ, ನೀರು ಒಲ್ಲದ ಬಾಲ ಒಳಗೆ, ಎರಡು ಪದರ, ಬರ್ಕೊಳ್ಳಿ. ಆಮೇಲೆ ಬೋರ್ಡಿನ ಮೇಲೆ ಕೊಲೆಸ್ಟ್ರಾಲಿನ ನಾಲ್ಕು ಉಂಗುರ ಬರೆದರು. ಪಕ್ಕದಲ್ಲಿ ಅದರ ತಮ್ಮನಂತಿದ್ದ ಇನ್ನೊಂದನ್ನು ಬರೆದು ನನ್ನ ಕಡೆ ತಿರುಗಿದರು. "ಇದು ಎಕ್ಡೈಸೋನ್. ನಿನ್ನ ಹುಳದ ಜ್ವರ ಇದೇ."

ಹೋದ ವಾರ ಎಷ್ಟು ಡಿಗ್ರಿ ಎಂದು ಕೇಳಿದ್ದ ಮೇಡಂ ಹೋಗಿ ಓದಿಕೊಂಡು ಬಂದಿದ್ದರು. ಈ ಹಾರ್ಮೋನು ಮೈಯಲ್ಲಿ ಏರಿದಾಗ ಹುಳು ತಿನ್ನುವುದು ಬಿಟ್ಟು, ಹಳೆ ಚರ್ಮದ ಕೆಳಗೆ ಹೊಸದನ್ನು ಬೆಳೆಸಿಕೊಳ್ಳುತ್ತದಂತೆ. ಜರ್ಮನಿಯಲ್ಲಿ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಇದನ್ನು ಬೇರ್ಪಡಿಸಿದ್ದು ರೇಷ್ಮೆಯ ಪ್ಯೂಪಾಗಳಿಂದಲೇ, ಅಂದರೆ ಗೂಡಿನೊಳಗೆ ಮಲಗಿದ ಹುಳುಗಳಿಂದಲೇ. 500 ಕಿಲೋ ಪ್ಯೂಪಾದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಗೂಡಿನಿಂದ ನೂಲು ತೆಗೆಯುವ ನಮ್ಮ ಮಾವನ ಫಿಲೇಚರ್‌ನಿಂದ ಪ್ಯೂಪಾ ಮೂಟೆ ಲೆಕ್ಕದಲ್ಲಿ ಹೋಗುತ್ತಿತ್ತು. ಅದರೊಳಗೆ ಯಾರೋ ಇಷ್ಟೊಂದು ಹುಡುಕಾಡಿದ್ದಾರಾ ಅನಿಸಿತು. ಇನ್ನೊಂದು ಮಾತು ಹೇಳಿದರು, ಕೀಟಗಳಿಗೆ ಕೊಲೆಸ್ಟ್ರಾಲನ್ನು ಮೊದಲಿನಿಂದ ಕಟ್ಟಿಕೊಳ್ಳಲು ಬರುವುದಿಲ್ಲ, ಸೊಪ್ಪಿನಲ್ಲಿರುವ, ಕೊಲೆಸ್ಟ್ರಾಲಿನ ಜಾತಿಯದೇ ಆದ ಸಿಟೋಸ್ಟೆರಾಲ್ ತಿಂದು ಅದನ್ನು ಕೊಲೆಸ್ಟ್ರಾಲ್ ಮಾಡಿಕೊಂಡು ಅದರಿಂದ ಈ ಹಾರ್ಮೋನು ತಯಾರಿಸಬೇಕು, ಅಂದರೆ ಜ್ವರವೂ ಸೊಪ್ಪಿನಿಂದಲೇ ಬರಬೇಕು. ಮನೆಗೆ ಹೋಗಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಒಳ್ಳೆ ಸೊಪ್ಪು ಹಾಕಿದ್ರೆ ಜ್ವರ ಸಮ ಏಳ್ತವೆ ಅಂತ ತಿಳ್ಕೊಳ್ಳೋಕೆ ದಿನಾ ಬಸ್ ಚಾರ್ಜ್ ಕೊಡ್ಬೇಕಾ?" ಅಂದಳು.

ವಾಸನೆಯ ವಿಷಯ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ರಜೆಯಲ್ಲಿ ನಾನು ಮಾವನ ಫಿಲೇಚರ್‌ನಲ್ಲಿ ಗೂಡು ಬೇಯಿಸುವ ಕಡೆ ನಿಲ್ಲುತ್ತಿದ್ದೆ. ಆ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದದ್ದೂ ಇದೆ. ಒಣಗಿದ ಪ್ಯೂಪಾದಲ್ಲಿ ಕಾಲು ಭಾಗದಷ್ಟು ಎಣ್ಣೆಯೇ ಇರುತ್ತದೆ, ಅದರಲ್ಲಿ ಮೂರು ಜೋಡಿಬಂಧ (ಎರಡು ಇಂಗಾಲಗಳು ಎರಡೂ ಕೈ ಹಿಡಿದ ಜಾಗ) ಇರುವ ಲಿನೊಲೆನಿಕ್ ಆಮ್ಲ ಜಾಸ್ತಿ. ಜೋಡಿಬಂಧ ಇರುವಲ್ಲಿ ಕೊಬ್ಬಿನ ಬಾಲ ಮುರಿದ ಕಡ್ಡಿಯಂತೆ ಸೊಟ್ಟಗಾಗುತ್ತದೆ, ಒಂದರ ಪಕ್ಕ ಒಂದು ಒತ್ತಾಗಿ ಕೂರುವುದಿಲ್ಲ, ಅದಕ್ಕೇ ಆ ಎಣ್ಣೆ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಗಾಳಿಯ ಆಮ್ಲಜನಕ ಬಂದು ಕಚ್ಚುವುದೂ ಅಲ್ಲಿಯೇ, ಕಮಟು ವಾಸನೆ ಬರುವುದು ಅದರಿಂದ. ಮೇಡಂ ಊರಿಂದ ತರುತ್ತಿದ್ದ ಕೊಬ್ಬರಿ ಎಣ್ಣೆ ಇದಕ್ಕೆ ಪೂರ್ತಿ ಉಲ್ಟಾ: ಬಾಲಗಳು ಹೆಚ್ಚುಕಡಿಮೆ ಎಲ್ಲ ನೇರ, 24 ಡಿಗ್ರಿಗಿಂತ ತಣ್ಣಗಾದರೆ ಬಾಟಲಿಯಲ್ಲೇ ಕಲ್ಲು, ಆದರೆ ಅಷ್ಟು ಬೇಗ ಕಮಟಾಗುವುದಿಲ್ಲ. "ನನ್ನ ತಲೆಗೂ ಒಂದು ವಾಸನೆ ಇದೆ, ನಿನ್ನ ಅಂಗಿಗೂ ಒಂದಿದೆ. ಎರಡೂ ಕೊಬ್ಬಿನ ಆಮ್ಲವೇ" ಅಂದರು. ಬಸ್ಸಿನಲ್ಲಿ ಎದ್ದು ಹೋದವರಿಗೆ ಇದನ್ನು ಹೇಳುವುದು ಹೇಗೆ, ಅಲ್ವಾ?

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಪ್ರೋಟೀನ್. ರೇಷ್ಮೆ ನೂಲು ಎರಡು ಪ್ರೋಟೀನಿನದು. ಒಳಗಿನ ಎಳೆ ಫೈಬ್ರೋಯಿನ್, ಮೇಲಿನ ಅಂಟು ಸೆರಿಸಿನ್. ಎರಡೂ ಅದೇ 20 ಅಮೈನೋ ಆಮ್ಲಗಳ ಪಟ್ಟಿಯಿಂದ ಕೊಂಡಿ ಕೊಂಡಿ ಪೋಣಿಸಿದ ಸರಪಳಿಗಳು, ಆದರೆ ಒಂದು ಕುದಿಯುವ ನೀರಿಗೂ ಜಗ್ಗುವುದಿಲ್ಲ, ಇನ್ನೊಂದು ಬಿಸಿನೀರಿನಲ್ಲಿ ಮೆತ್ತಗಾಗಿ ಬಿಡುತ್ತದೆ. ಫೈಬ್ರೋಯಿನಿನ ಉದ್ದ ಸರಪಳಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಕೊಂಡಿಗಳು, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗ್ಲೈಸಿನ್ ಮತ್ತು ಅಲನಿನ್, ಇರುವುದರಲ್ಲೇ ಅತಿ ಚಿಕ್ಕವು. ಪಕ್ಕಕ್ಕೆ ಚಾಚಿಕೊಂಡಿದ್ದೇನೂ ಇಲ್ಲದ್ದರಿಂದ ಸರಪಳಿಗಳು ಹಾಳೆಯಂತೆ ಹರಡಿ, ಹಾಳೆ ಮೇಲೆ ಹಾಳೆ ಒತ್ತಿ ಕೂರುತ್ತವೆ, ನೀರಿಗೆ ನುಗ್ಗಲು ಸಂದಿಯೇ ಸಿಗುವುದಿಲ್ಲ. ಸೆರಿಸಿನ್ನಿನಲ್ಲಿ ಮೂರರಲ್ಲೊಂದು ಕೊಂಡಿ ಸೆರಿನ್ ಅನ್ನುವ ಅಮೈನೋ ಆಮ್ಲ. ಅದಕ್ಕೆ ನೀರು ಕಂಡರೆ ಪ್ರೀತಿ.

ಸರಪಳಿ ಯಾವ ಕೋನಕ್ಕೆ ತಿರುಗಬಹುದು, ಎಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಗುದ್ದುತ್ತವೆ ಎಂದು ನಕ್ಷೆ ಹಾಕಿದವರು ಜಿ.ಎನ್. ರಾಮಚಂದ್ರನ್, 1963ರಲ್ಲಿ, ಮದ್ರಾಸಿನಲ್ಲಿ ತಮ್ಮ ಜೊತೆಗಾರರೊಂದಿಗೆ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆ ನಕ್ಷೆಯಲ್ಲಿ ರೇಷ್ಮೆ ಬೀಳುವ ಜಾಗವನ್ನು ಮೇಡಂ ಬೆರಳಿಟ್ಟು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಎಡಗಡೆ ಮೇಲೆ.

ಹುಳದ ಹೊಟ್ಟೆಯಲ್ಲಿ ಇದೆಲ್ಲ ಇನ್ನೂ ದ್ರವ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಟ್ಟರೆ ಎಂಟರ ಆಕಾರದಲ್ಲಿ ತಲೆ ಆಡಿಸುತ್ತಾ ಹೋಗುತ್ತದಲ್ಲ, ನೂಲು ಗಟ್ಟಿಯಾಗುವುದು ಒಣಗಿ ಮಾತ್ರ ಅಲ್ಲ, ಆ ಎಳೆತದಿಂದ. ಎಳೆದಾಗ ಸರಪಳಿಗಳು ಒಂದೇ ದಿಕ್ಕಿಗೆ ಮಲಗಿ ಹಾಳೆಗಳಾಗುತ್ತವೆ. ಚಿಕ್ಕಂದಿನಿಂದ ನೋಡಿದ ತಲೆ ಆಡಿಸುವಿಕೆಗೆ ಅರ್ಥ ಸಿಕ್ಕಿದ್ದು ಇಪ್ಪತ್ತನೇ ವಯಸ್ಸಿಗೆ.

ಆ ಉತ್ಸಾಹದಲ್ಲೇ ಎಡವಟ್ಟು ಮಾಡಿದ್ದು. ಪ್ರಾಜೆಕ್ಟಿಗೆ ಅಂಟು ತೆಗೆದು ತೂಕ ಎಷ್ಟು ಕಡಿಮೆಯಾಗುತ್ತದೆ ನೋಡುತ್ತೇನೆ ಎಂದು ಹೊರಟೆ. ಮನೆಯಿಂದ 4 ಗ್ರಾಂ ಹಳದಿ ನೂಲು ತಂದೆ. ಸೋಪು, ವಾಷಿಂಗ್ ಸೋಡಾ ಹಾಕಿ ಕುದಿಸಬೇಕಿತ್ತು. ಬೇಗ ಆಗಲಿ ಎಂದು ಕಾಸ್ಟಿಕ್ ಸೋಡಾ ಹಾಕಿದೆ, ಧಾರಾಳವಾಗಿ. ಚಹಾ ಕುಡಿದು ಬರುವಷ್ಟರಲ್ಲಿ ಬೀಕರಿನಲ್ಲಿ ನೂಲೇ ಇಲ್ಲ! ಕಂದು ನೀರು ಮಾತ್ರ. ಸರಪಳಿಯ ಕೊಂಡಿಗಳನ್ನು ಹಿಡಿದಿಟ್ಟ ಪೆಪ್ಟೈಡ್ ಬಂಧಗಳನ್ನೇ ಮುರಿದು ಹಾಕಿದ್ದೆ. ಮೇಡಂ ಬೈಯಲಿಲ್ಲ. ಒಂದು ಹಸಿ ಗೂಡು ತಂದುಕೊಡು ಅಂದರು. ಅದನ್ನು ಸ್ಟಾಫ್‌ರೂಮಿನ ಮೇಜಿನ ಮೇಲೆ ಒಂದು ಲೋಟದಲ್ಲಿಟ್ಟರು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಕರೆಸಿದರು. ಗೂಡಿನ ತುದಿಯಲ್ಲಿ ಒದ್ದೆ ತೂತು, ಪಕ್ಕದಲ್ಲಿ ರೆಕ್ಕೆ ಬಡಿಯುತ್ತಾ ಬಿಳಿ ಚಿಟ್ಟೆ. "ಹಲ್ಲಿಲ್ಲ, ಕತ್ತರಿ ಇಲ್ಲ. ಬಾಯಿಂದ ಕಕೂನೇಸ್ ಅನ್ನೋ ಎಂಜೈಮ್ ಬಿಟ್ಟು ಸೆರಿಸಿನ್ ಒಂದನ್ನೇ ಕರಗಿಸಿ, ನೂಲನ್ನ ಪಕ್ಕಕ್ಕೆ ತಳ್ಕೊಂಡು ಬಂದಿದೆ. ನೀನು ಬೀಕರ್ ಪೂರ್ತಿ ಖಾಲಿ ಮಾಡಿದ್ದೆ."

ಮತ್ತೆ 4 ಗ್ರಾಂ ತಂದೆ. ಈ ಸಲ ಸೋಪು, ಸೋಡಾ, ಮುಕ್ಕಾಲು ಗಂಟೆ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಹಳದಿ ಬಣ್ಣ ಅಂಟಿನ ಜೊತೆಗೇ ನೀರಿಗೆ ಬಂತು. ಒಣಗಿಸಿ ತೂಗಿದಾಗ 3 ಗ್ರಾಂ ಚಿಲ್ಲರೆ ಇತ್ತು, ಬೆಳ್ಳಗೆ.