ಸಂಪಿನ ಬಾಯಿ ಮತ್ತೆ ಕಟ್ಟಿದ ಭಾನುವಾರ

ರಾಜಾಜಿನಗರದ ಈ ಮನೆಯಲ್ಲಿ ಸಂಪು ಇರುವುದು ಕಾರು ನಿಲ್ಲಿಸುವ ಜಾಗದ ಕೆಳಗೇ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಬೇರೆ ಜಾಗ ಎಲ್ಲಿದೆ? ಮುಚ್ಚಳದ ಸುತ್ತ ಕಾಂಕ್ರೀಟ್ ಒಡೆದು ಚೂರುಗಳು ನೀರಿಗೆ ಬೀಳುತ್ತಿದ್ದವು. ಮೇಲೆ ಮೆತ್ತಿದ್ದ ಗಾರೆಯೂ ಹಪ್ಪಳದಂತೆ ಎದ್ದಿತ್ತು.

ಗಾರೆ ನಿಲ್ಲದ್ದಕ್ಕೆ ಕಾರಣ ಕೆಳಗಿತ್ತು. ಸಂಪಿನೊಳಗೆ ಸದಾ ತೇವ. ಕಂಬಿಯ ಕೆಳಗೆ ಸಾಕಷ್ಟು ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟಿನ ಪದರ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲಿಂದ ಎಷ್ಟು ಮೆತ್ತಿದರೂ ದುಡ್ಡು ದಂಡ.

ನೀರು ಖಾಲಿ ಮಾಡಿ, ನೀರು ಒಳಬರದಂತೆ ಬಾಲ್ ವಾಲ್ವ್ ಕಟ್ಟಿ, ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಟ್ಟಾಯಿತು. ಮೇಲೆ ಒಬ್ಬರು ನಿಂತ ಮೇಲೆಯೇ ಇನ್ನೊಬ್ಬರು ಒಳಗಿಳಿದದ್ದು. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ, ಟೊಳ್ಳು ಜಾಗ ಡಬ್ ಎನ್ನುತ್ತದೆ. ಎರಡಡಿ ಚೌಕದ ಬಾಯಿಯ ಸುತ್ತ ಆರಿಂಚು ಅಗಲಕ್ಕೆ ಉಳಿಯಿಂದ ಒಡೆದೆವು. ಹಳೆಯ ಕಂಬಿ ಕತ್ತರಿಸಲಿಲ್ಲ, ವೈರ್ ಬ್ರಷ್‌ನಲ್ಲಿ ಉಜ್ಜಿ ಹೊಳಪು ಬರಿಸಿ ಹಾಗೇ ಉಳಿಸಿಕೊಂಡೆವು. ಅದಕ್ಕೆ 8 ಮಿ.ಮೀ. ಕಂಬಿಯ ಎರಡು ಚೌಕಟ್ಟು ಬೈಂಡಿಂಗ್ ವೈರ್‌ನಲ್ಲಿ ಬಿಗಿದು, ನಾಲ್ಕು ಮೂಲೆಗೂ ಅಡ್ಡವಾಗಿ ಒಂದೊಂದಡಿ ತುಂಡು. ಬಿರುಕು ಹುಟ್ಟುವುದೇ ಮೂಲೆಯಲ್ಲಿ.

ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹಿಡಿದಿಡುವ ಅಚ್ಚು) ವಿಷಯದಲ್ಲಿ ಮೇಸ್ತ್ರಿಯ ಉಪಾಯ ಇಷ್ಟವಾಯಿತು. ಒಳಗಿನಿಂದ ಕಂಬ ಊರಿದ್ದರೆ ಅದನ್ನು ತೆಗೆಯುವವರೆಗೆ ಸಂಪು ತುಂಬಿಸುವ ಹಾಗಿಲ್ಲ, ಕಾವೇರಿ ನೀರು ಬಿಟ್ಟ ದಿನ ಹಿಡಿದಿಡಲು ಆಗುವುದಿಲ್ಲ. ಅದಕ್ಕೇ ಅವರು 12 ಮಿ.ಮೀ. ಪ್ಲೈವುಡ್ ಪಟ್ಟಿಗಳನ್ನು ಕೆಳಗಿನಿಂದ ಒತ್ತಿಹಿಡಿದು, ದಪ್ಪ ಜಿಐ ತಂತಿಯಿಂದ ಮೇಲೆ ಅಡ್ಡ ಹಾಕಿದ ಐದಡಿ ಮರದ ತೊಲೆಗಳಿಗೆ ನೇತುಹಾಕಿದರು. ತೊಲೆಯ ಎರಡೂ ತುದಿ ಗಟ್ಟಿ ಸ್ಲ್ಯಾಬ್ ಮೇಲೇ ಕೂರಬೇಕು, ಹಸಿ ಕಾಂಕ್ರೀಟೇ ಸುಮಾರು 150 ಕೆ.ಜಿ. ತೂಗುತ್ತದೆ. ಕಂಬಿಗೂ ಪ್ಲೈಗೂ ನಡುವೆ 25 ಮಿ.ಮೀ. ಕವರ್ ಬ್ಲಾಕ್. ಸಂದುಗಳಿಗೆ ಒದ್ದೆ ಕಾಗದ ತುರುಕಿದೆವು, ಇಲ್ಲದಿದ್ದರೆ ಸಿಮೆಂಟ್ ಹಾಲು ಸೋರಿ ಬರೀ ಜಲ್ಲಿ ಉಳಿಯುತ್ತದೆ.

ಲೆಕ್ಕ ಹೀಗಿತ್ತು: ಐದು ಚದರಡಿ, ಐದಿಂಚು ದಪ್ಪ, ಅಂದರೆ ಸುಮಾರು 60 ಲೀಟರ್ ಕಾಂಕ್ರೀಟ್. ಒಂದಕ್ಕೆ ಒಂದೂವರೆ, ಮೂರು ಪಾಲಿನಲ್ಲಿ ಅರ್ಧ ಮೂಟೆ ಸಿಮೆಂಟ್, 26 ಲೀಟರ್ ಎಂ-ಸ್ಯಾಂಡ್, 52 ಲೀಟರ್ ಜಲ್ಲಿ. ಜಲ್ಲಿ 12 ಮಿ.ಮೀ. ಇರಲಿ, 20ರದ್ದು ಕಂಬಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರು 12 ಲೀಟರ್‌ಗೆ ನಿಲ್ಲಿಸಬೇಕು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ.

"ಇನ್ನೊಂದು ಬಕೆಟ್ ಬಿಡ್ಲಾ ಸಾರ್? ಸಲೀಸಾಗಿ ಕೂತ್ಕೊಳ್ಳತ್ತೆ" ಅಂತ ಕಲಸುವವರು ಕೇಳಿಯೇ ಕೇಳುತ್ತಾರೆ. ಸಲೀಸಾಗಿ ಕೂರುವುದೇನೋ ನಿಜ, ಹೆಚ್ಚಿನ ನೀರು ಆರಿದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ಸಂಪಿನ ತೇವ ಮತ್ತೆ ಕಂಬಿ ಮುಟ್ಟುವುದು ಅದೇ ದಾರಿಯಲ್ಲಿ.

ಹಳೆಯ ಅಂಚನ್ನು ಹಿಂದಿನ ರಾತ್ರಿಯೇ ನೆನೆಸಿದ್ದೆವು. ಕಾಂಕ್ರೀಟ್ ಸುರಿಯುವ ಹೊತ್ತಿಗೆ ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುಂಚೆ ತುಂಬಿದೆವು. ಬಳಿದು ಟೀ ಕುಡಿಯಲು ಹೋದರೆ ಅಂಟುವ ಬದಲು ಅದೇ ಒಂದು ಪದರವಾಗಿ ಬಿಟ್ಟುಕೊಳ್ಳುತ್ತದೆ. ವೈಬ್ರೇಟರ್ ಇಲ್ಲದ್ದರಿಂದ ಕಂಬಿಯ ತುಂಡಿನಿಂದ ಚುಚ್ಚಿ ಚುಚ್ಚಿ, ಪ್ಲೈ ತಟ್ಟಿ ಗಾಳಿ ಬಿಡಿಸಿದ್ದಾಯಿತು. ಚೌಕಟ್ಟನ್ನು ನೆಲಕ್ಕಿಂತ ಅರ್ಧ ಇಂಚು ಎತ್ತರಿಸಿ ಹೊರಕ್ಕೆ ಇಳಿಜಾರು ಕೊಟ್ಟೆವು, ಕಾರು ತೊಳೆದ ನೀರು ಒಳಗಿಳಿಯದಿರಲಿ ಎಂದು.

ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್. ಒದ್ದೆ ಗೋಣಿಚೀಲ ಹೊದಿಸಿ ಒಣಗದಂತೆ ನೋಡಿಕೊಂಡರೆ ಸಾಕು. ಮೊದಲು ತುಂಬಿದ ನೀರು ಕುಡಿಯಲು ಬೇಡ, ನೆಲ ತೊಳೆಯಲು ಬಳಸಿ. ಕಾರು 28 ದಿನ ಬೀದಿಯಲ್ಲೇ ನಿಲ್ಲಲಿ. ಮುಚ್ಚಳ ಕೊಳ್ಳುವಾಗ ಮೇಲೆ ಕಾರಿನ ಭಾರ ತಡೆಯುವ ದರ್ಜೆಯಾದ ಎಂಡಿ-10 ಅಂತ ಅಚ್ಚಾಗಿದೆಯೇ ನೋಡಿ. ಅಂಗಡಿಯವರು ಅಗ್ಗವೆಂದು ಮುಂದಿಡುವ ಎಲ್‌ಡಿ-2.5 ಜನ ಓಡಾಡುವ ಜಾಗದ್ದು, ಕಾರಿನ ಚಕ್ರಕ್ಕಲ್ಲ.