ಸದ್ದಿಲ್ಲದ ಇನ್ನೋವಾ

ಬೆಳಗಿನ ಜಾವ ಏರ್‌ಪೋರ್ಟ್‌ಗೆ ಹೋಗಲು ಕ್ಯಾಬ್ ಬಂತು. ಇನ್ನೋವಾ ಹೈಕ್ರಾಸ್, ಹೈಬ್ರಿಡ್ಡು. ಹತ್ತಿ ಕೂತೆ. ಸದ್ದೇ ಇಲ್ಲ.

"ಸ್ಟಾರ್ಟ್ ಮಾಡಿ ಅಣ್ಣಾ" ಅಂದೆ.
"ಆಗಿದೆ ಸಾರ್" ಅಂದರು. ಗಾಡಿ ಆಗಲೇ ಗೇಟು ದಾಟುತ್ತಿತ್ತು!

ನನ್ನ ತಲೆಯಲ್ಲಿ ಇನ್ನೂ ಇರುವುದು 2005ರ ಇನ್ನೋವಾ. 2.5 ಲೀಟರ್ ಡೀಸೆಲ್. ಗಾಡಿ ನಿಂತಿದ್ದರೂ ಆ ಉದ್ದದ ಗೇರ್ ರಾಡ್ ಗಡಗಡ ನಡುಗುತ್ತಿತ್ತು. ಡ್ರೈವರ್ ಅದರ ಮೇಲೆ ಅಂಗೈ ಇಟ್ಟುಕೊಂಡೇ ಮಾತಾಡುತ್ತಿದ್ದರು, ರಚ್ಚೆ ಹಿಡಿದ ಮಗುವಿನ ತಲೆ ಸವರುವ ಹಾಗೆ. ಪೆಟ್ರೋಲ್ ಇನ್ನೋವಾನೂ ಇತ್ತು, 2 ಲೀಟರ್. ನಮ್ಮ ಬೀದಿಯಲ್ಲಂತೂ ಒಂದೂ ಕಾಣಲಿಲ್ಲ.

2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂದಾಗ ಡೀಸೆಲ್ಲೇ ಎರಡು ಥರ. ಮ್ಯಾನುವಲ್‌ಗೆ 2.4, ಆಟೋಮ್ಯಾಟಿಕ್‌ಗೆ 2.8. ಹೈಕ್ರಾಸ್‌ಗೆ ಡೀಸೆಲ್ಲೇ ಇಲ್ಲ. 2 ಲೀಟರ್ ಪೆಟ್ರೋಲ್ ಎಂಜಿನ್, ಹೈಬ್ರಿಡ್ ಆದರೆ ಜೊತೆಗೆ ಕರೆಂಟಿನ ಮೋಟಾರು. ಮೊದಲು ಹಿಂದಿನ ಚಕ್ರ ತಳ್ಳುತ್ತಿತ್ತು, ಈಗ ಮುಂದಿನದು ಎಳೆಯುತ್ತದೆ. ಹೆಸರು ಮಾತ್ರ ಅದೇ. ಹುಟ್ಟೂರೂ ಅದೇ, ನಮ್ಮ ಬಿಡದಿ.

ಹೆಬ್ಬಾಳ ಫ್ಲೈಓವರ್ ಹತ್ತುವಾಗ ಎಂಜಿನ್ ಒಂದ್ಸಲ ಗುಂಯ್ ಅಂದಿತು. ಡ್ರೈವರ್ ಎಡಗೈ ಸುಮ್ನೆ ಕೆಳಗಿಳಿಯಿತು. ಹಿಡಿಯಲು ಅಷ್ಟುದ್ದದ್ದು ಏನೂ ಸಿಗಲಿಲ್ಲ. ಮತ್ತೆ ಸ್ಟೀರಿಂಗ್ ಮೇಲೆ ಹೋಗಿ ಕೂತಿತು.