144 ಹರ್ಟ್ಸ್ ಮಾನಿಟರನ್ನು ಪರೀಕ್ಷಿಸುವಾಗ

ಬದಿಯಡ್ಕದ ನಮ್ಮ ಮನೆಗೆ ತಮ್ಮನ ಆಟಗಳಿಗಾಗಿ ತಂದ 144 ಹರ್ಟ್ಸ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಮಾನಿಟರಿನಲ್ಲಿ ನಾನು ಮೊದಲು ನೋಡಿದ್ದು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗನ್ನು. ಏಕೆಂದರೆ ಹೊಸ ಮಾನಿಟರ್ ಅನೇಕ ವೇಳೆ 60 ಹರ್ಟ್ಸ್‌ನಲ್ಲಿಯೇ ಉಳಿದಿರುತ್ತದೆ. ಅಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ನಿಂತರೆ, 144ರಲ್ಲಿ ಸುಮಾರು 6.9 ಮಿಲಿಸೆಕೆಂಡಿಗೇ ಮುಂದಿನದು ಬರುತ್ತದೆ. ಆದರೆ ಅಷ್ಟರೊಳಗೆ ಪಿಕ್ಸೆಲ್‌ಗಳು ಬಣ್ಣ ಬದಲಿಸದಿದ್ದರೆ ಓಡುವ ಆಕೃತಿಯ ಹಿಂದೆ ಮಸುಕು ನೆರಳು ಉಳಿಯುತ್ತದೆ. ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್‌ಗಳ ಕತ್ತಲೆಯ ದೃಶ್ಯಗಳಲ್ಲಿ ಇದು ಸಾಮಾನ್ಯವಾಗಿ ಹೆಚ್ಚು. ಇದನ್ನು ತಗ್ಗಿಸಲೆಂದೇ ಇರುವ, ಪಿಕ್ಸೆಲ್‌ಗಳನ್ನು ಬೇಗ ಬದಲಿಸುವ ಓವರ್‌ಡ್ರೈವ್ ಎಂಬ ಸೆಟ್ಟಿಂಗನ್ನು ಗರಿಷ್ಠಕ್ಕೆ ಏರಿಸಿದಾಗ ಅಂಚುಗಳಲ್ಲಿ ವಿಪರೀತ ಹೊಳಪು ಕಾಣಿಸಿಕೊಂಡದ್ದರಿಂದ, ನಡುವಿನ ಮಟ್ಟವೇ ನನಗೆ ಸರಿಯೆನಿಸಿತು. ಪೆಟ್ಟಿಗೆಯ ಮೇಲೆ ಅಚ್ಚಾಗುವ 1 ಮಿಲಿಸೆಕೆಂಡ್ ಎಂಬ, ಪಿಕ್ಸೆಲ್ ಬಣ್ಣ ಬದಲಿಸಲು ಬೇಕಾದ ಸಮಯದ ಅಂಕಿ ಅನೇಕ ವೇಳೆ ಆ ಗರಿಷ್ಠ ಮಟ್ಟದ್ದು. ಕಾಸರಗೋಡಿನ ಅಂಗಡಿಗಳಲ್ಲಿ ಕೊಳ್ಳುವವರು ಅದಕ್ಕಿಂತ ಮುಖ್ಯವಾಗಿ, ಚಲಿಸುವ ದೃಶ್ಯವೊಂದನ್ನು ತೋರಿಸುವಂತೆ ಕೇಳಬೇಕು.